ಪೋಲಿಯೋ ಅಂದ ಪುಟ್ಟಗೌರಮ್ಮ

ಹೊಸಹೊಳಲಿನ ಸುತ್ತಮುತ್ತ ಯಾರ ಮನೆಯಲ್ಲಾದರೂ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಮಾತು ಶುರುವಾದರೆ, ಪಂಚಾಂಗ ತೆಗೆಯುವುದಕ್ಕೆ ಮುಂಚೆ ಪುಟ್ಟಗೌರಮ್ಮ ಊರಲ್ಲಿದ್ದಾಳಾ ಎಂದು ವಿಚಾರಿಸುತ್ತಾರೆ. ಇದ್ದಾಳೆಂದರೆ ಮಾತುಕತೆ ಇನ್ನೊಂದು ದಿನಕ್ಕೆ ಹೋಯಿತು ಅಂತಲೇ ಲೆಕ್ಕ. ಯಾಕೆಂದರೆ ಆ ಹೆಂಗಸು ಕರೆಯದೆ ಬರುತ್ತಾಳೆ. ಬಂದವಳು ಕಾಫಿ ಮುಟ್ಟುವುದಿಲ್ಲ, ಮಣೆಯ ಮೇಲೆ ಕೂರುವುದಿಲ್ಲ. ನಡುಮನೆಯ ಕಂಬಕ್ಕೆ ಒರಗಿ ನಿಂತು ಎಲ್ಲರ ಮುಂದೆಯೇ ಕೇಳಿಬಿಡುತ್ತಾಳೆ: “ನಿಮ್ಮ ವಂಸದಲ್ಲಿ ತೂರಾಡ್ಕಂಡು ನಡೆಯೋ ಕೂಸು ಯಾವ್ದಾದ್ರೂ ಉಟ್ಟಿತ್ತಾ? ಇದ್ರೆ ಈಗ್ಲೇ ಬಾಯ್ಬುಟ್ಟು ಯೋಳಿ.” ಮನೆಯ ಹಿರಿಯರು ಹಲ್ಲು ಕಡಿಯುತ್ತಾರೆ. ಹೆಂಗಸರು ಬಾಗಿಲಾಚೆ ನಿಂತು ಶಾಪ ಹಾಕುತ್ತಾರೆ. ಹಾಕಲಿ ಬಿಡಿ, ಅವಳಿಗೆ ಅದೆಲ್ಲ ಮುಟ್ಟುವುದಿಲ್ಲ. ಈಗ ಮೂರು ವರ್ಷದಿಂದ, ಅಂದರೆ ತೊಂಬತ್ತಾರನೇ ಇಸವಿಯಿಂದ, ಅವಳು ಹೀಗೆಯೇ.

ಅದಕ್ಕೆ ಮುಂಚೆ ಅವಳಷ್ಟು ಮಾತು ಕಮ್ಮಿಯ ಹೆಂಗಸು ಆ ಊರಲ್ಲೇ ಇರಲಿಲ್ಲ. ಬೆಳಿಗ್ಗೆ ಎದ್ದು ಎರಡು ಸೀಮೆಹಸು ಕರೆದು, ಕ್ಯಾನು ಹೊತ್ತು ಡೈರಿಗೆ ಹಾಲು ಹಾಕಿ, ತಲೆ ಬಗ್ಗಿಸಿಕೊಂಡು ಮನೆಗೆ ಬರುವವಳು. ಹದಿನಾರು ತುಂಬುವ ಹೊತ್ತಿಗೆ ತಾಯಿಯ ತಮ್ಮ ಜವರಯ್ಯನಿಗೇ ಕೊಟ್ಟು ಮದುವೆ ಮಾಡಿದ್ದರು. ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಗದ್ದೆ ಸುತ್ತಿಸಿದ್ದ ಮಾವನೇ ಗಂಡನಾದ. ನಾಲೆ ಬದಿಯ ಮೂರೆಕರೆ ಹೊರಗೆ ಹೋಗಬಾರದು, ಹುಡುಗಿಯೂ ಹೊರಗೆ ಹೋಗಬಾರದು, ಅಷ್ಟೇ ಹಿರಿಯರ ಯೋಚನೆ. ಜವರಯ್ಯ ಒಳ್ಳೆಯ ಮನುಷ್ಯ, ಒಂದು ದಿನವೂ ಕೈ ಎತ್ತಿದವನಲ್ಲ.

ಮೊದಲ ಮಗ ಅಪ್ಪು. ವರ್ಷ ತುಂಬಿ ಎರಡು ತಿಂಗಳಿಗೆ ಚೆನ್ನಾಗಿಯೇ ನಡೆದ. ಮೂರನೇ ವರ್ಷಕ್ಕೆ ತೂರಾಡತೊಡಗಿದ. ಊರವರು ಮೊದಮೊದಲು ನಕ್ಕರು, “ನೋಡ್ಲಾ, ತಾತನಂಗೆ ಎಂಡ ಕುಡ್ಕ ಬಂದವ್ನೆ” ಎಂದು ಚುಡಾಯಿಸಿದರು. ಐದನೇ ವರ್ಷಕ್ಕೆ ಕಣ್ಣಿನ ಬಿಳಿಯಲ್ಲಿ ಕೆಂಪು ಎಳೆಗಳು ಕಾಣಿಸಿಕೊಂಡವು. ಅನ್ನದ ತುತ್ತು ಬಾಯಿಗೆ ಹೋಗುವ ಬದಲು ಕೆನ್ನೆಗೆ ಹೋಗುತ್ತಿತ್ತು. ಆಮೇಲೆ ಯಾರೂ ನಗಲಿಲ್ಲ. ತಾಯಿತ ಕಟ್ಟಿದ್ದಾಯಿತು, ಹೇಮಗಿರಿಗೆ ಹೋಗಿ ಹೊಳೆಯಲ್ಲಿ ಮುಳುಗಿಸಿ ಎಬ್ಬಿಸಿದ್ದಾಯಿತು. ಹತ್ತನೇ ವರ್ಷಕ್ಕೆ ಹಾಸಿಗೆ ಹಿಡಿದು, ಹನ್ನೊಂದಕ್ಕೆ ಎದೆಯಲ್ಲಿ ಕಫ ಕಟ್ಟಿ ಹೋದ. ಕೆ.ಆರ್. ಪೇಟೆಯ ಡಾಕ್ಟರು ಕೊನೆಯ ದಿನ ಮಗುವನ್ನು ನೋಡಿ, “ಒಳಗೊಳಗೇ ಮದುವೆನಾ?” ಎಂದು ಕೇಳಿ ತಲೆ ಅಲ್ಲಾಡಿಸಿದ್ದರು. ಪುಟ್ಟಗೌರಮ್ಮನಿಗೆ ಅಷ್ಟೇ ಸಾಕಾಯಿತು. ಉಳಿದ ಮಗಳು ತನುಶ್ರೀಯನ್ನು ಏನೇ ಆದರೂ ಹೊರಗಿನವರಿಗೇ ಕೊಡುವುದೆಂದು ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು.

ಆಮೇಲೆ ಎರಡು ವರ್ಷಕ್ಕೆ ಹೇಮಶ್ರೀ ಹುಟ್ಟಿದಳು. ಗುಂಡು ಗುಂಡಾದ ಹುಡುಗಿ, ಬಾಯಿ ತುಂಬ ಮಾತು. ನಾಲ್ಕನೇ ವರ್ಷದಲ್ಲಿ ಒಂದು ಬೆಳಿಗ್ಗೆ ಕೊಟ್ಟಿಗೆಯಿಂದ ಹೊರಗೆ ಬರುವಾಗ ಗೋಡೆ ಹಿಡಿದುಕೊಂಡಳು. ಪುಟ್ಟಗೌರಮ್ಮ ಕೈಯಲ್ಲಿದ್ದ ಹಾಲಿನ ಚೊಂಬು ಹಾಗೆಯೇ ಹಿಡಿದು ನಿಂತುಬಿಟ್ಟಳು. ಅಪ್ಪುವಿನಷ್ಟು ಕೆಟ್ಟದಾಗಿರಲಿಲ್ಲ, ನಿಜ. ಒಂಬತ್ತು ತುಂಬಿದರೂ ಹೇಮಶ್ರೀ ಗೋಡೆ ಹಿಡಿದು, ಅಕ್ಕನ ಸೆರಗು ಹಿಡಿದು ನಡೆಯುತ್ತಿದ್ದಳು. ಆದರೆ ಕಣ್ಣಿನಲ್ಲಿ ಅದೇ ಕೆಂಪು ಎಳೆ.

ಪೋಲಿಯೋ ಎಂಬ ಮಾತನ್ನು ಮೊದಲು ಆಡಿದವನು ಡೈರಿ ಸೆಕ್ರೆಟರಿ ತಮ್ಮಯ್ಯ. ಹಾಲು ಅಳೆಯುವಾಗ ಬೇರೆ ಊರಿನವನೊಬ್ಬ ಹುಡುಗಿಯನ್ನು ನೋಡಿ ಏನಾಗಿದೆ ಎಂದದ್ದಕ್ಕೆ, “ಪೋಲಿಯೋ ಕಣಯ್ಯ, ಪಾಪ” ಎಂದುಬಿಟ್ಟ. ಆ ಮಾತು ಊರಿಗೆ ಎಷ್ಟು ಅನುಕೂಲವಾಯಿತು ಎಂದರೆ ಮಾರನೇ ದಿನದಿಂದ ಎಲ್ಲರ ಬಾಯಲ್ಲೂ ಅದೇ. ಪೋಲಿಯೋ ಹೊರಗಿನಿಂದ ಬಂದದ್ದು, ಯಾರ ಮನೆಗಾದರೂ ಬರಬಹುದು, ಅದಕ್ಕೆ ವಂಶದ ಹೆಸರು ಹತ್ತುವುದಿಲ್ಲ. ಹಿಂದೆ ಒಬ್ಬ ಹೀಗೆಯೇ ಸತ್ತ ಎಂಬುದು ಮಕ್ಕಳಿಗೂ ಗೊತ್ತಿತ್ತು. ಆದರೆ ಹೆಣ್ಣುಮಗಳ ಮದುವೆಗೆ ಕಲ್ಲು ಹಾಕುವುದು ಆ ಸೀಮೆಯಲ್ಲಿ ಕೊಲೆಗಿಂತ ದೊಡ್ಡ ಪಾಪ. ಹಾಗಾಗಿ ಊರಿಗೆ ಊರೇ ಸೇರಿಕೊಂಡು ಸುಳ್ಳು ಹೇಳಿತು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಶಿವಲಿಂಗಯ್ಯ ಬಂದು ವಿಚಾರಿಸಿದಾಗಲೂ ಹಾಗೆಯೇ ಆಯಿತು. ಶಿವಲಿಂಗಯ್ಯ ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯ ಗುಮಾಸ್ತ. ಅವನ ಮಗ ನಿಂಗರಾಜು ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ತನುಶ್ರೀಯನ್ನು ನೋಡಿ ಒಪ್ಪಿದ ಮೇಲೆ ಶಿವಲಿಂಗಯ್ಯ ಎಲ್ಲರಂತೆ ಗುಟ್ಟಾಗಿ ಊರಿಗೆ ಬಂದು ಡೈರಿಯಲ್ಲಿ, ಚಿಲ್ಲರೆ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ. ದೊಡ್ಡ ಮಗ ಜ್ವರದಲ್ಲಿ ಹೋದ, ಚಿಕ್ಕವಳಿಗೆ ಪೋಲಿಯೋ, ಮನೆತನ ಚೊಕ್ಕ. ಮೂರು ಕಡೆಯೂ ಒಂದೇ ಉತ್ತರ ಸಿಕ್ಕಿತು. ಶ್ರೀರಂಗಪಟ್ಟಣದ ಜೋಯಿಸರು ದೊರೆಸ್ವಾಮಿಗಳು ಎರಡೂ ಜಾತಕ ಹಿಡಿದು ಸಾಲಾವಳಿ ನೋಡಿ ಕೂಡಿಬರುತ್ತದೆ ಎಂದರು. ವೀಳ್ಯಶಾಸ್ತ್ರ ಮುಗಿದು, ಏಪ್ರಿಲ್ ಇಪ್ಪತ್ತೆಂಟರ ಭಾನುವಾರಕ್ಕೆ ಲಗ್ನ ಗೊತ್ತಾಯಿತು.

ಯುಗಾದಿ ಕಳೆದು ವಾರವಾಗಿತ್ತು. ಹೇಮಶ್ರೀಗೆ ಎಣ್ಣೆ ಹಚ್ಚುತ್ತಿದ್ದ ತಾಯಿಯ ಬೆರಳಿಗೆ ಕತ್ತಿನ ಎಡಭಾಗದಲ್ಲಿ ಗಡ್ಡೆ ಸಿಕ್ಕಿತು. ನಿಂಬೆಹಣ್ಣಿನಷ್ಟು ದಪ್ಪ, ಕಲ್ಲಿನಷ್ಟು ಗಟ್ಟಿ. ನಾಲ್ಕೇ ದಿನಕ್ಕೆ ಹುಡುಗಿಗೆ ಉಸಿರು ಎಳೆಯುವುದು ಕಷ್ಟವಾಯಿತು. ವಿಷಯ ತಿಳಿದ ಶಿವಲಿಂಗಯ್ಯನೇ ಓಡಿ ಬಂದು, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಪರಿಚಯದವರನ್ನು ಹಿಡಿದು ಸೇರಿಸಿದ. ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡಿ ಕ್ಯಾನ್ಸರ್ ಎಂದರು. ಉಸಿರಿನ ಕೊಳವೆಯನ್ನು ಒತ್ತುತ್ತಿದೆ, ತಡಮಾಡುವ ಹಾಗಿಲ್ಲ, ನಾಳೆಯಿಂದಲೇ ಕರೆಂಟು ಕೊಡಬೇಕು, ಇಪ್ಪತ್ತು ಸಲ ಎಂದರು. ಕರೆಂಟು ಎಂದರೆ ಯಂತ್ರದ ಕೆಳಗೆ ಮಲಗಿಸಿ ಕಣ್ಣಿಗೆ ಕಾಣದ ಕಿರಣ ಬಿಡುವುದು. ಹಳ್ಳಿಯವರ ಬಾಯಲ್ಲಿ ಅದು ಕರೆಂಟೇ.

ದೊಡ್ಡ ಡಾಕ್ಟರ ಕೋಣೆಯಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಅವರು ತಲೆ ಎತ್ತದೆ ಬರೆಯುತ್ತಲೇ ಕೇಳಿದರು. “ಈ ಮಗು ಯಾಕಮ್ಮ ಹೀಗೆ ನಡೆಯುತ್ತೆ? ಮನೇಲಿ ಇನ್ಯಾರಿಗಾದರೂ ಹೀಗೆ ಆಗಿತ್ತಾ?”

ಪುಟ್ಟಗೌರಮ್ಮನ ಬಲಕ್ಕೆ ಶಿವಲಿಂಗಯ್ಯ ನಿಂತಿದ್ದ. ಹುಡುಗಿಯ ಚಪ್ಪಲಿಯನ್ನು ಅವನೇ ಕೈಯಲ್ಲಿ ಹಿಡಿದುಕೊಂಡಿದ್ದ. ಅಷ್ಟು ಒಳ್ಳೆಯವನು. ಕೆಟ್ಟವನಾಗಿದ್ದರೆ ಅವಳು ಬಾಯಿ ಬಿಡುತ್ತಿದ್ದಳೋ ಏನೋ.

“ಯಾರ್ಗೂ ಇಲ್ಲ ಸ್ವಾಮಿ. ಇವ್ಳಿಗೆ ಪೋಲಿಯೋ.”

ಡಾಕ್ಟರು ಪೋಲಿಯೋ ಎಂದು ಬರೆದುಕೊಂಡರು. ಪಕ್ಕದಲ್ಲಿದ್ದ ಚಿಕ್ಕ ಡಾಕ್ಟರಮ್ಮ ಒಬ್ಬಳು ಹುಡುಗಿಯ ಕಾಲನ್ನು ನೋಡಿದಳು, ಮುಖವನ್ನು ನೋಡಿದಳು.

ದಿನಾ ಹೊಸಹೊಳಲಿನಿಂದ ಹೋಗಿ ಬರುವುದು ಆಗದ ಮಾತು. ಶ್ರೀರಂಗಪಟ್ಟಣದ ತನ್ನ ಮನೆಯ ಹಿಂದಿನ ಖಾಲಿ ಕೋಣೆಯಲ್ಲಿ ಇರಿ ಎಂದು ಶಿವಲಿಂಗಯ್ಯ ಹಟ ಹಿಡಿದ. ಅವನ ಹೆಂಡತಿ ಮಂಗಳಮ್ಮ ಮದುವೆಗೆ ಮುಂಚೆ ಬೀಗರು ಹೀಗೆ ಬಂದು ಇರುವುದೇ ಎಂದು ಮೊದಲು ಮೂಗು ಮುರಿದರೂ, ಹುಡುಗಿಯನ್ನು ನೋಡಿದ ಮೇಲೆ ಗಂಜಿ ಕಾಯಿಸಿ ತಂದಳು. ಬೆಳಿಗ್ಗೆ ಬಸ್ಸು ಹತ್ತಿ ಮೈಸೂರು, ಮಧ್ಯಾಹ್ನಕ್ಕೆ ವಾಪಸ್ಸು. ಅದೇ ಬಸ್ಸಿನಲ್ಲಿ ಆ ಚಿಕ್ಕ ಡಾಕ್ಟರಮ್ಮನೂ ಬರುತ್ತಿದ್ದಳು. ಹೆಸರು ಅಪರ್ಣ. ಎರಡನೇ ದಿನವೇ ತಿಳಿಯಿತು, ಅವಳು ಸಾಲಾವಳಿ ನೋಡಿದ ದೊರೆಸ್ವಾಮಿಗಳ ಮಗಳು. ಅವಳ ಬಾಯಿಂದ ಶಿವಲಿಂಗಯ್ಯನ ಕಿವಿಗೆ ಎರಡು ಬೀದಿ ದೂರ. ಪುಟ್ಟಗೌರಮ್ಮ ಅಂದಿನಿಂದ ಬಸ್ಸಿನಲ್ಲಿ ಹಿಂದಿನ ಸೀಟು ಹಿಡಿದಳು.

ಐದು ದಿನದಲ್ಲಿ ಗಡ್ಡೆ ಕಡಲೆಕಾಯಿಯಷ್ಟಕ್ಕೆ ಇಳಿಯಿತು. ಹುಡುಗಿ ಸಲೀಸಾಗಿ ಉಸಿರಾಡಿದಳು. ದೊಡ್ಡ ಡಾಕ್ಟರು ಮುಟ್ಟಿ ನೋಡಿ ಭೇಷ್ ಎಂದರು. ಶಿವಲಿಂಗಯ್ಯ ರಂಗನಾಥನಿಗೆ ತುಪ್ಪದ ದೀಪ ಹಚ್ಚಿಸಿ ಬಂದ. ಊರಿನಿಂದ ಬಂದ ಜವರಯ್ಯ ಮಗಳ ತಲೆ ನೇವರಿಸಿ ಅತ್ತೇಬಿಟ್ಟ. ಎಲ್ಲರೂ ಖುಷಿಯಾಗಿದ್ದರು, ಅಪರ್ಣಳನ್ನು ಬಿಟ್ಟು. ಆ ಹುಡುಗಿ ದಿನಾ ಅಳತೆಪಟ್ಟಿ ತಂದು ಗಡ್ಡೆ ಅಳೆದು ಬರೆದುಕೊಳ್ಳುತ್ತಿದ್ದಳು. ಇಷ್ಟು ಬೇಗ ಕರಗುವುದು ಅವಳಿಗೆ ಯಾಕೋ ಸರಿಕಾಣಲಿಲ್ಲ.

ಆರನೇ ಸಲಕ್ಕೆ ಕತ್ತು ಕೆಂಪಾಯಿತು. ಏಳಕ್ಕೆ ಕಪ್ಪಾಯಿತು. ಎಂಟನೇ ದಿನ ಚರ್ಮ ಹಣ್ಣಿನ ಸಿಪ್ಪೆಯ ಹಾಗೆ ಎದ್ದು ಬಂತು. ಬಾಯಿ ತುಂಬ ಹುಣ್ಣು. “ಅವ್ವಾ, ಒಳಗೆ ಉರೀತದೆ” ಎಂದು ಹೇಮಶ್ರೀ ಗಂಟಲು ಹಿಡಿದುಕೊಂಡು ಹೇಳುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಹದಿನೆಂಟು ಸಲ ಕರೆಂಟು ಮುಗಿಸಿದ ಮುದುಕನೊಬ್ಬ ಕೂತಿರುತ್ತಿದ್ದ, ಅವನ ಕತ್ತು ಸ್ವಲ್ಪ ಕಂದಿತ್ತು ಅಷ್ಟೇ. ಪುಟ್ಟಗೌರಮ್ಮ ಆ ಮುದುಕನ ಕತ್ತನ್ನೂ ಮಗಳ ಕತ್ತನ್ನೂ ನೋಡಿದಳು. ಏನೋ ಸರಿಯಿಲ್ಲ ಎಂದು ಅವಳಿಗೆ ತಿಳಿಯಿತು. ತಿಳಿಯಲಿಲ್ಲ ಎಂದು ಹೇಳುವ ಹಾಗೇ ಇಲ್ಲ.

ಒಂಬತ್ತನೇ ದಿನ, ಗುರುವಾರ. ಹೇಮಶ್ರೀಯನ್ನು ಒಳಗೆ ಕರೆದುಕೊಳ್ಳುವುದಕ್ಕೆ ಇನ್ನೂ ಹೊತ್ತಿತ್ತು. ಪುಟ್ಟಗೌರಮ್ಮ ಚೊಂಬಿಗೆ ನೀರು ಹಿಡಿಯಲು ಹಿಂಭಾಗದ ನಲ್ಲಿಗೆ ಹೋದಳು. ಅಪರ್ಣ ಹಿಂದೆಯೇ ಬಂದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಗೌರಮ್ಮನವರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪೋಲಿಯೋ ಆದವರ ಕಾಲು ಸೊರಗಿರುತ್ತೆ. ಹೇಮಶ್ರೀ ಕಾಲು ಗಟ್ಟಿಯಾಗಿದೆ. ಲೋಟ ಹಿಡಿಯೋಕೆ ಹೋದರೆ ಕೈ ಯಾಕೆ ತೂಗಾಡುತ್ತೆ? ಕಣ್ಣಲ್ಲಿ ಆ ಕೆಂಪು ಎಳೆ ಯಾಕಿದೆ?”

“ಧೂಳು ಕಣವ್ವ. ಬಸ್ಸಲ್ಲಿ ಬತ್ತೀವಲ್ಲ.”

“ನಿಮ್ಮೂರಲ್ಲಿ ನಾಲೆ ಏರಿ ಕಿತ್ತುಹೋದರೆ ಯಾರು ಕಟ್ಟುತ್ತಾರೆ?”

ಇದೇನು ಕೇಳುತ್ತಿದ್ದಾಳೆ ಎಂದು ಪುಟ್ಟಗೌರಮ್ಮನಿಗೆ ಗೊತ್ತಾಗಲಿಲ್ಲ. “ನೀರುಗಂಟಿ” ಎಂದಳು.

“ಮೈಯೊಳಗೂ ಅಂಥ ನೀರುಗಂಟಿಗಳಿದ್ದಾರೆ, ಕಣ್ಣಿಗೆ ಕಾಣದಷ್ಟು ಚಿಕ್ಕವರು. ಈ ಕರೆಂಟು ಜೀವಕಣದ ಒಳಗಿನ ಎಳೆಯನ್ನೇ ಒಡೆಯುತ್ತೆ. ನಮ್ಮ ನಿಮ್ಮ ಮೈಯಲ್ಲಾದರೆ ಅವರು ಕೂಡಲೇ ಬಂದು ರಿಪೇರಿ ಮಾಡ್ತಾರೆ. ಕ್ಯಾನ್ಸರಿನಲ್ಲೂ ಅವರಿದ್ದಾರೆ, ಅದಕ್ಕೇ ಅದು ಬೇಗ ಸಾಯಲ್ಲ, ಇಪ್ಪತ್ತು ಸಲ ಕೊಡಬೇಕು. ಕೆಲವು ಮಕ್ಕಳಿಗೆ ಹುಟ್ಟುತ್ತಲೇ ಆ ನೀರುಗಂಟಿ ಇರೋದಿಲ್ಲ. ಒಳಸಂಬಂಧದ ಮನೆಗಳಲ್ಲಿ ಜಾಸ್ತಿ. ಅಂಥ ಮಕ್ಕಳು ತೂರಾಡ್ತಾರೆ, ಕಣ್ಣು ಕೆಂಪಾಗುತ್ತೆ. ಅವರಿಗೆ ಈ ಕರೆಂಟು ವಿಷ.” ಅಪರ್ಣ ಒಂದು ಹೆಜ್ಜೆ ಹತ್ತಿರ ಬಂದಳು. “ದೊಡ್ಡ ಡಾಕ್ಟರಿಗೆ ಹೇಳಿದೆ. ‘ಮನೇಲಿ ಯಾರಿಗೂ ಇಲ್ಲ ಅಂತ ತಾಯೀನೇ ಬರೆಸಿದ್ದಾಳೆ, ಅರ್ಧಕ್ಕೆ ಬಿಟ್ಟರೆ ಗಡ್ಡೆ ಮತ್ತೆ ಬರುತ್ತೆ’ ಅಂತಾರೆ. ಅವರು ಹೇಳೋದೂ ತಪ್ಪಲ್ಲ. ನಿಮ್ಮ ಮನೇಲಿ ಇವಳ ಹಾಗೇ ಇನ್ನೊಂದು ಮಗು ಇತ್ತು ಅಂತ ನೀವು ಹೇಳಿದರೆ ಸಾಕು, ಇವತ್ತೇ ನಿಲ್ಲಿಸಿಬಿಡ್ತಾರೆ.”

ಚೊಂಬು ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಅಪ್ಪುವಿನ ಹೆಸರು ಪುಟ್ಟಗೌರಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಮದುವೆಗೆ ಇನ್ನು ಹತ್ತು ದಿನ. ಲಗ್ನಪತ್ರಿಕೆ ಹಂಚಿಯಾಗಿದೆ. ಇವಳು ದೊರೆಸ್ವಾಮಿಗಳ ಮಗಳು. ವೀಳ್ಯವಾದ ಮೇಲೆ ಮುರಿದುಬಿದ್ದ ಹುಡುಗಿ, ಅದರ ಮೇಲೆ ವಂಶದ ಕಾಯಿಲೆ ಎಂಬ ಹೆಸರು. ತನುಶ್ರೀಯನ್ನು ಇನ್ನು ಯಾರು ಮುಟ್ಟುತ್ತಾರೆ? ತಿರುಗಿ ಒಳಗಿನವರಿಗೇ ಕೊಡಬೇಕು, ಮತ್ತೆ ಅಂಥದೇ ಮಕ್ಕಳನ್ನು ಹಡೆಯಬೇಕು. ಹತ್ತು ದಿನ ತಡೆದುಕೊಂಡರೆ ಆಯಿತಲ್ಲ, ಧಾರೆ ಎರೆದ ಮಾರನೇ ದಿನವೇ ಬಂದು ಈ ಹುಡುಗಿಯ ಕಾಲು ಹಿಡಿದು ಎಲ್ಲ ಹೇಳಿದರಾಯಿತು. ಗಡ್ಡೆಯನ್ನೇ ತಡೆದುಕೊಂಡ ಕೂಸು ಹತ್ತು ದಿನ ತಡೆದುಕೊಳ್ಳುವುದಿಲ್ಲವೇ? ಅಯ್ಯೋ, ತಾಯಿಯಾದವಳು ಹೀಗೂ ಲೆಕ್ಕ ಹಾಕುತ್ತಾಳೆಯೇ ಎಂದು ಕೇಳುವವರು ಒಂದು ಸಲ ಎರಡು ಹೆಣ್ಣುಮಕ್ಕಳನ್ನು ಎರಡು ಕೈಯಲ್ಲಿ ಹಿಡಿದು ನೋಡಲಿ.

“ಪೋಲಿಯೋ ಕಣವ್ವ” ಎಂದಳು. “ಮೂರ್ನೇ ವರ್ಸದಲ್ಲಿ ಜ್ವರ ಬಂದು ಇಂಗಾಯ್ತು.”

ಅಪರ್ಣ ಕೈಚಾಚಿ ನಲ್ಲಿ ನಿಲ್ಲಿಸಿ ಹೊರಟುಹೋದಳು. ಅರ್ಧ ಗಂಟೆಗೆ ಹೇಮಶ್ರೀಯನ್ನು ಯಂತ್ರದ ಕೋಣೆಗೆ ಕರೆದುಕೊಂಡರು.

ಹುಣ್ಣು ಜಾಸ್ತಿಯಾಯಿತೆಂದು ಅಪರ್ಣ ಜಗಳ ಮಾಡಿ ಒಂದು ದಿನ ಬಿಡುವು ಕೊಡಿಸಿದಳು. ಉಳಿದ ದಿನಗಳು ನಡೆದವು. ಕತ್ತಿಗೆ ಔಷಧಿಯ ಬಟ್ಟೆ ಸುತ್ತಿದ ಮೇಲೆ ಒಳಗೆ ಗಡ್ಡೆಯಿದೆಯೋ ಇಲ್ಲವೋ ಮನೆಯವರು ಯಾರೂ ಮುಟ್ಟಿ ನೋಡುವ ಹಾಗಿರಲಿಲ್ಲ. ಹುಡುಗಿಗೆ ನೀರೂ ಇಳಿಯುತ್ತಿರಲಿಲ್ಲ. ಅಳುವುದನ್ನೂ ಬಿಟ್ಟಳು, ಅತ್ತರೆ ಉಪ್ಪುನೀರು ಹುಣ್ಣಿಗೆ ತಾಗುತ್ತಿತ್ತು.

ಲಗ್ನಕ್ಕೆ ಮೂರು ದಿನವಿರುವಾಗ ಊರಿನಿಂದ ತನುಶ್ರೀ ತಂಗಿಯನ್ನು ನೋಡಲು ಬಂದಳು. ಬಟ್ಟೆ ಬಿಚ್ಚಿ ಕತ್ತು ನೋಡಿದವಳು ಗೋಡೆಗೆ ಒರಗಿ ನಿಂತಳು. ಮಂಗಳಮ್ಮ ಆಚೆ ಹೋಗುವ ತನಕ ಕಾದು ಪಿಸುಗುಟ್ಟಿದಳು.

“ಅವ್ವಾ, ಅಪ್ಪೂನ ಇಸ್ಯ ಡಾಕ್ಟ್ರಿಗೆ ಯೋಳ್ದ್ಯಾ?”

“ಬಾಯ್ಮುಚ್ಚು.”

“ನನ್ ಮದ್ವೆ ನಿಂತೋದ್ರೆ ನಿಂತೋಗ್ಲಿ ಕಣವ್ವ. ಯೋಳ್ಬುಡು.”

“ನಿಂತೋದ್ರೆ ಏನಾಯ್ತದೆ ಅಂತ ನಿಂಗೊತ್ತಾ? ಮೂರು ದಿನ ಕಣೇ, ಮೂರೇ ದಿನ” ಎಂದು ಪುಟ್ಟಗೌರಮ್ಮ ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು. ತನುಶ್ರೀ ಆ ಕೈಯನ್ನು ತೆಗೆದು, ತಂಗಿಯ ಪಕ್ಕ ಕೂತಳು. ಆಮೇಲೆ ಅವಳೂ ಯಾರಿಗೂ ಹೇಳಲಿಲ್ಲ.

ಶ್ರೀರಂಗಪಟ್ಟಣದ ಛತ್ರದಲ್ಲಿ ಮದುವೆ ನಡೆಯಿತು. ಅಕ್ಕನನ್ನು ನೋಡಲೇಬೇಕೆಂದು ಹೇಮಶ್ರೀ ಕೈಸನ್ನೆ ಮಾಡಿದಳು. ನೆಂಟರ ಕಣ್ಣಿಗೆ ಬೀಳಬಾರದೆಂದು ಪುಟ್ಟಗೌರಮ್ಮ ಔಷಧಿ ಬಟ್ಟೆಯ ಮೇಲೆ ಹಸಿರು ರೇಷ್ಮೆಯ ಚೌಕ ಸುತ್ತಿದಳು. ಜವರಯ್ಯ ಎತ್ತಿಕೊಂಡು ಬಂದು ಮಂಟಪದ ಪಕ್ಕ ಕೂರಿಸಿದ. ಗಟ್ಟಿಮೇಳ ಬಾರಿಸುವಾಗ ಹುಡುಗಿ ಕಿವಿ ಮುಚ್ಚಿಕೊಂಡಳು. ಧಾರೆಯ ನೀರು ಬೀಳುತ್ತಿದ್ದ ಹಾಗೆ ಪುಟ್ಟಗೌರಮ್ಮ ಉಸಿರು ಬಿಟ್ಟಳು. ತಿರುಗಿ ನೋಡಿದರೆ ಚೌಕದ ಅಂಚಿನಿಂದ ಹಳದಿ ನೀರು ಇಳಿದು ಹುಡುಗಿಯ ಹೊಸ ಲಂಗದ ಮೇಲೆ ಹರಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಆಸ್ಪತ್ರೆಯ ಬಾಗಿಲಲ್ಲಿ ಕಾದಳು. ಅಪರ್ಣ ಬರುತ್ತಿದ್ದಂತೆ ನಡುದಾರಿಯಲ್ಲೇ ಕಾಲಿಗೆ ಬಿದ್ದಳು. ಅಪ್ಪು, ಅವನ ತೂರಾಟ, ಕೆಂಪು ಕಣ್ಣು, ಸೋದರಮಾವನ ಜೊತೆ ಮದುವೆ, ಒಂದೂ ಬಿಡದೆ ಹೇಳಿದಳು. ಬೈಯುತ್ತಾಳೆ ಎಂದುಕೊಂಡರೆ ಅಪರ್ಣ ಬೈಯಲಿಲ್ಲ. ದೊಡ್ಡ ಡಾಕ್ಟರ ಕೋಣೆಗೆ ಓಡಿದಳು. ಕರೆಂಟು ಅವತ್ತೇ ನಿಂತಿತು. ಅಷ್ಟರಲ್ಲಿ ಹದಿನಾಲ್ಕು ಸಲ ಆಗಿತ್ತು.

ಕತ್ತಿನ ಫೋಟೋ ತೆಗೆದರು, ನಳಿಕೆ ಹಾಕಿದರು, ರಕ್ತ ಕೊಟ್ಟರು. ಹುಣ್ಣು ಒಳಗೊಳಗೇ ಇಳಿಯುತ್ತಾ ಹೋಯಿತು. ಮೇ ಇಪ್ಪತ್ತೊಂದರ ಮಧ್ಯಾಹ್ನ, ತಾಯಿ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದಾಗ ಹೇಮಶ್ರೀ ಹೋದಳು. ಹತ್ತು ತುಂಬಲು ಎರಡು ತಿಂಗಳಿತ್ತು.

ಮಾತನಾಡಿಸಲು ಬಂದ ಶಿವಲಿಂಗಯ್ಯನಿಗೂ ಮಂಗಳಮ್ಮನಿಗೂ ಪುಟ್ಟಗೌರಮ್ಮ ತಾನೇ ಎಲ್ಲ ಹೇಳಿಬಿಟ್ಟಳು. ಮಂಗಳಮ್ಮ ಎದ್ದು ಹೊರಗೆ ಹೋದಳು. ಶಿವಲಿಂಗಯ್ಯ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, “ಮುಂಚೇನೇ ಯೋಳ್ಬಾರ್ದಾಗಿತ್ತಾ ತಾಯಿ? ನಾವೇನು ಉಲಿಗಳಾ, ಸಿಮ್ಮಗಳಾ?” ಎಂದ. ತಾಳಿ ಕಟ್ಟಿಯಾದ ಮೇಲೆ ಹೀಗೆನ್ನುವುದು ಸುಲಭ. ಮುಂಚೆ ಹೇಳಿದ್ದರೆ ಒಪ್ಪುತ್ತಿದ್ದನೋ ಇಲ್ಲವೋ, ಅದು ಅವನಿಗೂ ಗೊತ್ತಿರಲಿಕ್ಕಿಲ್ಲ. ಸೊಸೆಯನ್ನು ಮಾತ್ರ ಅವರು ಬಿಡಲಿಲ್ಲ.

ಊರವರು ಸಾಲುಗಟ್ಟಿ ಬಂದು ಒಂದೇ ಸಮಾಧಾನ ಹೇಳಿದರು. ಕ್ಯಾನ್ಸರ್ ಎಂದಮೇಲೆ ಉಳಿಯುವುದುಂಟೇ, ಎಂಗಿದ್ರೂ ಓಗೋ ಜೀವ, ನೀನು ಯೋಳಿದ್ರೂ ಅಷ್ಟೇ ಬುಟ್ಟಿದ್ರೂ ಅಷ್ಟೇ. ಜವರಯ್ಯನೂ ಅದನ್ನೇ ಹೇಳಿದ. ಪುಟ್ಟಗೌರಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಾಲು ಕರೆಯುವಾಗ, ಹುಲ್ಲು ಹಾಕುವಾಗ, ಎಂಗಿದ್ರೂ ಓಗೋ ಜೀವ, ಎಂಗಿದ್ರೂ ಓಗೋ ಜೀವ ಎಂದು ಮಣಮಣ ಹೇಳಿಕೊಳ್ಳುತ್ತಿದ್ದಳು. ಅದರ ಆಸರೆಯಲ್ಲೇ ಒಂದೂವರೆ ತಿಂಗಳು ಅನ್ನ ಉಂಡಳು.

ಜುಲೈನಲ್ಲಿ ಅಪರ್ಣ ಊರಿಗೆ ಬಂದಳು. ಬುಟ್ಟಿಯಲ್ಲಿ ಸೂಜಿ, ಗಾಜಿನ ಸೀಸೆಗಳು, ಕಂಕುಳಲ್ಲಿ ಹೇಮಶ್ರೀಯ ಫೈಲು. ಜವರಯ್ಯ ಗದ್ದೆಗೆ ಹೋಗಿದ್ದ. ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿ ಪುಟ್ಟಗೌರಮ್ಮ ಮಜ್ಜಿಗೆ ಕೊಟ್ಟಳು.

“ನಿಮ್ಮ ರಕ್ತ ಬೇಕು, ಯಜಮಾನರದ್ದೂ ಬೇಕು. ನೀವು ಬೇಡ ಅಂದರೆ ಎದ್ದು ಹೋಗ್ತೀನಿ” ಎಂದಳು ಅಪರ್ಣ. “ಹೋದ ವರ್ಷವಷ್ಟೇ ಹೊರದೇಶದಲ್ಲಿ ಈ ಕಾಯಿಲೆಯ ಮೂಲ ಕಂಡುಹಿಡಿದಿದ್ದಾರೆ. ಯಾವ ನೀರುಗಂಟಿ ಇರಲಿಲ್ಲ ಅನ್ನೋದು ಗೊತ್ತಾಗಿದೆ. ನಿಮ್ಮಂಥ ಮನೆಗಳ ರಕ್ತ ಪರೀಕ್ಷೆ ಮಾಡಿದರೆ, ಕ್ಯಾನ್ಸರ್ ಗಡ್ಡೆಯೊಳಗಿನ ನೀರುಗಂಟಿಯನ್ನು ಮಾತ್ರ ಕಟ್ಟಿಹಾಕೋ ಔಷಧಿ ಮುಂದೆ ಯಾವತ್ತಾದರೂ ಮಾಡಬಹುದು. ಆಗ ಇಷ್ಟೇ ಇಷ್ಟು ಕರೆಂಟಿಗೆ ಗಡ್ಡೆ ಸಾಯುತ್ತೆ, ಮೈ ಉಳಿಯುತ್ತೆ. ಇನ್ನೂ ಎಷ್ಟು ವರ್ಷ ಬೇಕೋ ಗೊತ್ತಿಲ್ಲ.”

ಪುಟ್ಟಗೌರಮ್ಮ ಇದನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ತುಂಬ ನಿಧಾನವಾಗಿ ಕೇಳಿದಳು.

“ನೀರುಗಂಟಿ ಇಲ್ದಿದ್ರೆ ಗಡ್ಡೆ ಬೇಗ ಸಾಯ್ತದೆ ಅಂದ್ಯಲ್ಲವ್ವ. ನನ್ ಮಗಿನ ಮೈಯಾಗೆ ಅವ್ನು ಎಲ್ಲೂ ಇರ್ನಿಲ್ಲ. ಅವ್ಳ ಗಡ್ಡೆ ಒಳಗೆ ಇದ್ನಾ?”

ಅಪರ್ಣ ಫೈಲಿನ ಮೇಲೆ ಕೈ ಇಟ್ಟುಕೊಂಡಳು. “ಬೇಡಮ್ಮ. ಅದನ್ನೆಲ್ಲ ಕೇಳಬೇಡಿ.”

“ಯೋಳು.”

“ಇರಲಿಲ್ಲ.”

“ಅಂಗಾರೆ ಗಡ್ಡೆ ಏನಾಗಿತ್ತು?”

ಅಪರ್ಣ ತಲೆ ಬಗ್ಗಿಸಿದಳು. ಸುಳ್ಳು ಹೇಳಬೇಕೆಂದು ಅವಳಿಗೆ ಆಸೆಯಿತ್ತು, ಆದರೆ ಎದುರಿಗಿದ್ದ ಹೆಂಗಸು ಕಣ್ಣು ತೆಗೆಯಲಿಲ್ಲ. “ಹೋಗಿಬಿಟ್ಟಿತ್ತು. ಪೂರ್ತಿ ಕರಗಿತ್ತು. ಕೊನೆಗೆ ತೆಗೆದ ಫೋಟೋದಲ್ಲೂ ಏನೂ ಇರಲಿಲ್ಲ. ಮುಂದೆ ಎಷ್ಟು ವರ್ಷ ಬದುಕುತ್ತಿದ್ದಳು ಅಂತ ನಾನು ಹೇಳಲಾರೆ. ಆದರೆ ಹೇಮಶ್ರೀ ಹೋದದ್ದು ಕ್ಯಾನ್ಸರಿನಿಂದ ಅಲ್ಲ.”

“ಯಾವತ್ತು ಕರಗಿತ್ತು?”

“ಅಮ್ಮಾ…”

“ದಿನಾ ಅಳೆದು ಬರ್ಕತಿದ್ದಲ್ಲ. ಯಾವತ್ತು?”

ಅಪರ್ಣ ಫೈಲು ತೆರೆದು ಹಾಳೆ ತಿರುಗಿಸಿದಳು. ಅವಳಿಗೆ ನೋಡದೆಯೂ ಗೊತ್ತಿತ್ತು. “ಒಂಬತ್ತನೇ ದಿನ ಬೆಳಿಗ್ಗೆ ಕೈಗೆ ಏನೂ ಸಿಗಲಿಲ್ಲ. ಅವತ್ತೇ ನಿಮ್ಮನ್ನು ಹುಡುಕಿಕೊಂಡು ನಲ್ಲಿಯ ಹತ್ತಿರ ಬಂದೆ.”

ಪುಟ್ಟಗೌರಮ್ಮ ಅಳಲಿಲ್ಲ. ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಕೈಯನ್ನು ಅಪರ್ಣಳ ಮಡಿಲಲ್ಲಿ ಚಾಚಿದಳು. ಅಪರ್ಣ ಸೂಜಿ ಚುಚ್ಚಿ ಒಂದು ಸೀಸೆ ತುಂಬಿಸಿದಳು, ಎರಡನೆಯದನ್ನೂ ತುಂಬಿಸಿದಳು. ಸಾಕು ಎಂದು ಸೂಜಿ ತೆಗೆದು ಹತ್ತಿ ಒತ್ತಿದಳು. ಸೀಸೆಗಳಿಗೆ ಹೆಸರು ಬರೆದು, ಬುಟ್ಟಿ ಮುಚ್ಚಿ, ಎದ್ದು ನಿಂತಳು. ಪುಟ್ಟಗೌರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಹತ್ತಿಯನ್ನು ಕಿತ್ತು ಆಚೆಗೆ ಎಸೆದಿದ್ದಳು.

“ಇನ್ನೂ ತಗಳವ್ವ” ಎಂದಳು. “ಇನ್ನೂ ಅದೆ.”